ಒಂದು ಗೇಣು ಎತ್ತರ

॥ ಶ್ರೀ ಗುರುಬಸವಲಿಂಗಾಯ ನಮಃ ॥

ದಾಂಡೇಲಿ
ತಾ. ೧೪-೬-೧೯೬೪, ರವಿವಾರ

ಸೌಭಾಗ್ಯವತಿ ಅಕ್ಕ ನೀಲಕ್ಕನಿಗೆ,

ತಂಗಿ ಈರಕ್ಕನ ನಮಸ್ಕಾರ. ಇಷ್ಟು ದಿನ ಶಿರಸಾಷ್ಟಾಂಗ ನಮಸ್ಕಾರ ಎಂದು ಬರೆಯುತ್ತಿದ್ದೆ. ಇನ್ನು ಮುಂದೆ ಬರೆಯುವುದಿಲ್ಲ. ತಲೆ ಕೆಳಗೆ ಹಾಕಿ ಯಾರ ಕಾಲಿಗೂ ಬೀಳಬೇಡ ಎಂದು ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅದಕ್ಕೇ ನಿಂತು ಕೈ ಮುಗಿದಿದ್ದೇನೆ. ಅವರು ಹೇಳದೆ ಇದ್ದರೂ ಈ ಸಲ ನಿನಗೆ ನಿಂತೇ ಮುಗಿಯುತ್ತಿದ್ದೆ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದು ರೂಢಿ, ಕೇಳಿದೆ ಎಂದುಕೋ. ಎರಡು ಸಲ ಬರೆದು ಎರಡು ಸಲವೂ ಒಲೆಗೆ ಹಾಕಿದೆ. ಇಲ್ಲಿ ಇವರಿಗೆ ಕಾಗದದ ಮಿಲ್ಲಿನಲ್ಲಿ ಈ ವಾರ ಮೊದಲ ಪಾಳಿ. ಮಗಳು ಮಹಾದೇವಿ ಗೋಡೆ ಬಿಟ್ಟು ಓಡಾಡುತ್ತಾಳೆ, ಕಂಡದ್ದೆಲ್ಲ ಬಾಯಿಗೆ ಹಾಕುತ್ತಾಳೆ. ಅವ್ವನ ಹೆಸರಿಟ್ಟ ಮೇಲೆ ಅವ್ವನ ಹಟವೂ ಬಂತು ಎಂದು ನೀನೇ ಹೇಳಿದ್ದೆ. ಮಳೆ ಹಿಡಿದಿದೆ. ನನ್ನ ಬಲಗಣ್ಣೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕ್ಷೇಮ.

ಹೊಳೆವ್ವನ ಕುಬಸಕ್ಕೆ ಬಾ ಎಂದು ಬರೆದಿದ್ದೀ. ನಿನ್ನ ಮಗಳು ಏಳು ತಿಂಗಳ ಬಸುರಿಯಾಗಿ ಹಸಿರು ಸೀರೆ ಉಟ್ಟು ಕೂಡುವುದನ್ನು ನೋಡಲು ನನಗೆ ಆಸೆ ಇಲ್ಲವೆ? ನಾನೇ ಎತ್ತಿ ಆಡಿಸಿದ ಕೂಸು ಅದು. ಕುಬಸದ ಮಾತಿಗಷ್ಟೇ ಕಾಗದ ಮುಗಿಸಿದ್ದರೆ ಮರುದಿನವೇ ಉತ್ತರ ಬರೆಯುತ್ತಿದ್ದೆ. ಆದರೆ ಕೊನೆಗೆ ಒಂದು ಸಾಲು ಸೇರಿಸಿದೆ ನೋಡು: "ನಿನ್ನ ಬಾಣಂತನ ನಾನು ಮಾಡಿದಂತೆ ಅವಳದನ್ನು ಇಬ್ಬರೂ ಕೂಡಿ ಮಾಡೋಣ." ಅಲ್ಲಿಗೆ ನನ್ನ ತಲೆ ಕೆಟ್ಟಿತು. ನನ್ನ ಬಾಣಂತನ ನೀನು ಮಾಡಿದಂತೆ ಹೊಳೆವ್ವನದು ಆಗಕೂಡದು, ಅಕ್ಕ. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ಆ ಹುಡುಗಿಯ ಎರಡು ಕಣ್ಣಿಗಾಗಿ.

ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಮಹಾದೇವಿ ಹುಟ್ಟಿದ್ದು ಆಚೆ ವರ್ಷದ ದೀಪಾವಳಿ ಆದ ಹನ್ನೆರಡನೆಯ ದಿನ, ಪಾಳಾದಲ್ಲಿ, ನಿನ್ನ ಮನೆಯ ನಡುಕೋಣೆಯಲ್ಲಿ. ಹಳಿಯಾಳದಲ್ಲಿ ಅವ್ವ ಸತ್ತಾಗ ಆರು ವರ್ಷದವಳಾಗಿದ್ದ ನನ್ನನ್ನು ಕೈ ಹಿಡಿದು ಕರೆತಂದು ಸಾಕಿದವಳು ನೀನು. ತವರು ಎಂದರೆ ನನಗೆ ನಿನ್ನ ಮನೆಯೇ. ಬಾಣಂತನದಲ್ಲಿ ಕಡಿಮೆ ಮಾಡಿದೆ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಅಂಟಿನುಂಡಿ ಕಟ್ಟಿದೆ, ಎರಡು ಹೊತ್ತು ಸುಡುಸುಡು ನೀರು ಎರೆದೆ, ಹೊರಸಿನ ಕೆಳಗೆ ಕೆಂಡ ಆರದಂತೆ ನೋಡಿದೆ. ಹಳೆಯ ಸೀರೆ ಸುತ್ತಿ ಹೊಟ್ಟೆ ಬಿಗಿದೆ, ಕಿವಿ ಮುಚ್ಚಿ ತಲೆ ಕಟ್ಟಿದೆ. ಹೆತ್ತ ತಾಯಿ ಇದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಓಣಿಯ ಹೆಂಗಸರು ಹೊಗಳಿದರು. ನಾನೂ ಹೊಗಳಿದೆ.

ಐದನೆಯ ದಿನವೋ ಆರನೆಯ ದಿನವೋ ಬಲಗಣ್ಣಿನ ನೋವು ಶುರುವಾಯಿತು. ಮಲಗಿ ಸ್ವಲ್ಪ ಹೊತ್ತಾದರೆ ಸಾಕು, ಹುಬ್ಬಿನ ಮೇಲಿಂದ ಹಿಡಿದು ಹಿಂದಲೆಯವರೆಗೆ ಸಿಡಿತ. ಎದ್ದು ಗೋಡೆಗೆ ಒರಗಿ ಕೂತರೆ ಕ್ರಮೇಣ ಇಳಿಯುತ್ತಿತ್ತು. ಅದಕ್ಕೇ ನಾನು ಬೆನ್ನ ಹಿಂದೆ ಎರಡು ತಲೆದಿಂಬು ಇಟ್ಟುಕೊಂಡು ಅರ್ಧ ಕೂತು ನಿದ್ದೆ ಮಾಡತೊಡಗಿದೆ. ನೀನು ಮಧ್ಯಾಹ್ನ ತುಪ್ಪದ ಬಟ್ಟಲು ಹಿಡಿದು ಬಂದು ಇದೇನು ಎಂದು ಕೇಳಿದೆ.

"ಅಕ್ಕಾ, ಮಲಗಿದರ ಕಣ್ಣು ಸಿಡಿತೈತಿ. ಒರಗಿ ಕೂತರ ಇಳಿತೈತಿ" ಎಂದೆ ನಾನು.

ನೀನು ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ಹೋದೆ. ಬಹಳ ಹೊತ್ತು ಬರಲಿಲ್ಲ. ಬಂದವಳು ನನ್ನ ಮುಖ ನೋಡದೆ ಎರಡೂ ತಲೆದಿಂಬು ಎಳೆದುಕೊಂಡೆ.

"ಬಾಣಂತಿ ಕೂತರ ಬೆನ್ನು ಗೂನ ಆಗತೈತಿ. ನೆಟ್ಟಗ ಮಲಗು" ಎಂದೆ. ನಿನಗೆ ಸಿಟ್ಟು ಬಂದಿದೆ ಎಂದುಕೊಂಡು ನಾನು ಮಲಗಿದೆ.

ಆಮೇಲಿನ ನಲವತ್ತು ದಿನ ನಾನು ಹೇಗೆ ಕಳೆದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಎದ್ದು ಕೂತದ್ದು ಕಂಡರೆ ಭುಜ ಹಿಡಿದು ಮಲಗಿಸುತ್ತಿದ್ದೆ. ಚಿಮಣಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದರೆ ಬಾಣಂತಿ ಸನ್ನಿ ಎಂದೆ, ತಾಯಿತ ತಂದು ಕಟ್ಟಿದೆ. ಕೂಸಿಗೆ ಹಾಲು ಕೊಡುವಾಗ ಅರ್ಧ ತಾಸು ಕೂಡಲು ಬಿಡುತ್ತಿದ್ದೆಯಲ್ಲ, ಅದೇ ನನಗೆ ಹಬ್ಬ. ಹಸಿವಿಲ್ಲದ ಕೂಸನ್ನೂ ಎಬ್ಬಿಸಿ ಎದೆಗೆ ಹಚ್ಚಿಕೊಳ್ಳುತ್ತಿದ್ದೆ. ಅದಕ್ಕೂ ಬೈಸಿಕೊಂಡೆ.

ಹೊಳೆವ್ವನನ್ನು ನೋಡಲು ಹಳಿಯಾಳದವರು ಬಂದದ್ದೂ ಆ ದಿನಗಳಲ್ಲೇ. ಬೆಳಿಗ್ಗೆಯೇ ನನ್ನ ಹಾಸಿಗೆ ಕೊಡವಿ ಹಾಸಿ, ಅವರು ಹೋಗುವವರೆಗೂ ಎದ್ದು ಕೂಡಬೇಡ ಎಂದು ತಾಕೀತು ಮಾಡಿದೆ. ಗಂಡಿನ ತಾಯಿ ಗೋದುಬಾಯಿ ಮತ್ತೆ ಇಬ್ಬರು ಹೆಂಗಸರು ಬಾಣಂತಿಕೋಣೆಗೂ ಬಂದರು. ನನ್ನ ಬಲಗಣ್ಣಿನಿಂದ ನೀರು ಸುರಿಯುತ್ತಿತ್ತು. ಲೋಬಾನದ ಹೊಗೆ ಎಂದು ನೀನು ನಕ್ಕೆ. ಅವರೂ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಮಲಗಿದ್ದೆ, ಹುಡುಗಿಗೆ ಒಳ್ಳೆಯದಾಗಲಿ ಎಂದು.

ಕರಿಬಸಪ್ಪ ಮಾವನವರಿಗೆ ಮಾತ್ರ ಕರುಣೆ ಬಂತು. ಮುಂಡಗೋಡದಿಂದ ಒಬ್ಬ ಡಾಕ್ಟರನ್ನು ಗಾಡಿ ಕಟ್ಟಿಕೊಂಡು ಕರೆತಂದರು. ನಿನ್ನ ಗಂಡ ಎಂದು ಹೇಳುತ್ತಿಲ್ಲ, ಆ ಮನೆಯಲ್ಲಿ ನನ್ನ ಮಾತು ಕಿವಿಗೆ ಹಾಕಿಕೊಂಡವರು ಅವರೊಬ್ಬರೇ. ಡಾಕ್ಟರು ಬಂದದ್ದು ನಡುಮಧ್ಯಾಹ್ನ. ಅವರು ಬರುತ್ತಾರೆಂದು ನೀನು ನನ್ನನ್ನು ಎಬ್ಬಿಸಿ, ತಲೆ ಬಾಚಿ, ಎರಡು ತಾಸು ಮೊದಲೇ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದೆ. ಕೂತವಳ ಕಣ್ಣಿನ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಒತ್ತಿ ನೋಡಿ, ಏನೂ ಇಲ್ಲ, ನಿಶ್ಶಕ್ತಿ ಎಂದರು. ಮನೆತನದಲ್ಲಿ ಯಾರಿಗಾದರೂ ಕಣ್ಣಿನ ತೊಂದರೆ ಇತ್ತೆ ಎಂದು ಕೇಳಿದ್ದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಇಲ್ಲ ಎಂದವಳು ನೀನು. ಅವರು ಗಾಡಿ ಹತ್ತಿದ ಮೇಲೆ ನೆರೆಮನೆಯ ಯಲ್ಲವ್ವನಿಗೆ ಕೇಳಿಸುವ ಹಾಗೆ ಹೇಳಿದೆ.

"ಕೂತರ ಇಲ್ಲ, ಮಲಗಿದರ ಐತಿ, ಇಂಥಾ ಬ್ಯಾನಿ ನಾ ಎಲ್ಲೂ ಕೇಳಿಲ್ಲವಾ. ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ."

ಯಲ್ಲವ್ವ ಅದನ್ನು ಊರ ತುಂಬ ಹಂಚಿದಳು. ಮೂರು ತಿಂಗಳಿಗೆ ಇವರು ನನ್ನನ್ನು ಕರೆದೊಯ್ಯಲು ಬಂದಾಗ ಅವರ ಕಿವಿಗೂ ಅದೇ ಮಾತು ಬಿದ್ದಿತ್ತು. ಈಗೀಗ ಮರುಗುತ್ತಾರೆ, ಆಗ ಇವರೂ ನಂಬಿದರು. ತಾಯಿಯಂಥ ಅಕ್ಕ ಸುಳ್ಳು ಹೇಳುತ್ತಾಳೆಯೆ?

ದಾಂಡೇಲಿಗೆ ಬಂದ ಮೇಲೆ ನಾನು ಯಾರಿಗೂ ಹೇಳದೆ ಗೋಡೆಗೆ ಒರಗಿ ಮಲಗುತ್ತಿದ್ದೆ. ನೋವು ಕಡಿಮೆಯಾಯಿತು, ಕಣ್ಣು ಉಳಿಯಿತು ಎಂದುಕೊಂಡೆ. ಮಿಲ್ಲಿನವರ ಮನೆಗಳ ನಮ್ಮ ಲೈನಿನಲ್ಲಿ ಪಕ್ಕದ ಮನೆಯವಳು ಸಿರಾಜುನ್ನಿಸಾ, ನಿನಗೆ ಗೊತ್ತಿರುವ ಹಳಿಯಾಳದ ಬಡಿಗ ಮಲಿಕಸಾಬನ ತಂಗಿ. ನಳದ ಹತ್ತಿರ ಬಲಕ್ಕೆ ನಿಂತ ಹೆಂಗಸರಿಗೆಲ್ಲ ನಾನು ಕೊಡ ತಾಗಿಸುವುದನ್ನು ಅವಳು ನೋಡಿದಳು. ಒಂದು ದಿನ ನನ್ನ ಎಡಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ ಇವು ಎಷ್ಟು ಬೆರಳು ಎಂದು ಕೇಳಿದಳು. ಅಕ್ಕ, ನನಗೆ ಬೆರಳೂ ಕಾಣಲಿಲ್ಲ, ಕೈಯೂ ಕಾಣಲಿಲ್ಲ. ಅವಳು ಅಳಲು ಶುರು ಮಾಡಿದಳು.

ಯುಗಾದಿ ಆದ ಮರುವಾರ ಇವರು ರಜೆ ಹಾಕಿ, ಅಳ್ನಾವರದಲ್ಲಿ ಗಾಡಿ ಬದಲಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಕಣ್ಣಿಗೆ ಔಷಧ ನಡೆದಿದೆ ಎಂದು ಕಾರ್ಡಿನಲ್ಲಿ ಒಂದು ಸಾಲು ಬರೆದಿದ್ದೆ. ಡಾಕ್ಟರು ಏನು ಹೇಳಿದರೆಂದು ಇವತ್ತಿನವರೆಗೆ ನಿನಗೆ ಹೇಳಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಿಲ್ಲ. ಈಗ ಹೇಳುತ್ತೇನೆ, ಗಮನವಿಟ್ಟು ಓದು.

ಅವರು ಕಣ್ಣು ಮರಗಟ್ಟುವ ಹನಿ ಹಾಕಿ, ಅಂಗಾತ ಮಲಗಿಸಿ, ಬೆರಳುದ್ದದ ಒಂದು ಉಕ್ಕಿನ ಸಾಧನವನ್ನು ಕಣ್ಣುಗುಡ್ಡೆಯ ಮೇಲೆಯೇ ನಿಲ್ಲಿಸಿದರು. ತಕ್ಕಡಿಗೆ ಇದ್ದಂತೆ ಅದಕ್ಕೊಂದು ಮುಳ್ಳು. ಕಣ್ಣಿನ ಒಳಗೆ ಎಷ್ಟು ಒತ್ತಡ ಇದೆ ಎಂದು ಅದು ತೋರಿಸುತ್ತದಂತೆ. ಒಂದು ತಾಸು ಹಾಗೆಯೇ ಮಲಗಿಸಿ ಮತ್ತೊಮ್ಮೆ ನೋಡಿದರು, ಒತ್ತಡ ಬಹಳ ಏರಿತ್ತು. ಆಮೇಲೆ ಒಂದು ತಾಸು ಕೂರಿಸಿ, ಮಲಗಿಸಿದ ಕೂಡಲೇ ನೋಡಿದರು, ಇಳಿದಿತ್ತು. ನಾನು ಧೈರ್ಯ ಮಾಡಿ ಕೇಳಿಯೇ ಬಿಟ್ಟೆ, ಕೂತಾಗ ಇಲ್ಲದ ಬ್ಯಾನಿ ಮಲಗಿದಾಗ ಇರುತ್ತದೆಯೆ ಎಂದು.

"ಇರತದವ್ವಾ. ಮಲಗಿದರ ಎಲ್ಲಾರ ಕಣ್ಣಾಗೂ ಒತ್ತಡ ಒಂದಿಷ್ಟು ಏರತದ. ನಿಮ್ಮ ಕಣ್ಣಾಗ ನೀರು ಹರದು ಹೋಗೂ ದಾರಿ ಸಣ್ಣದು, ಅದಕ್ಕ ಬಾಳ ಏರತದ. ನೀವು ಸುಳ್ಳು ಹೇಳಿಲ್ಲ" ಎಂದರು.

ನಾನು ಡಾಕ್ಟರ ಖೋಲಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ಕಣ್ಣು ಹೋಯಿತೆಂದು ಅಳುತ್ತಿದ್ದೇನೆ ಎಂದು ಇವರು ಸಮಾಧಾನ ಮಾಡಿದರು.

ಈ ರೋಗಕ್ಕೆ ಕಾಚಬಿಂದು, ಇಂಗ್ಲಿಷಿನಲ್ಲಿ ಗ್ಲಾಕೋಮಾ ಎನ್ನುತ್ತಾರಂತೆ. ಮಲಗಿದ್ದರಿಂದಲೇ ರೋಗ ಬಂತು ಎಂದು ಅವರು ಹೇಳಲಿಲ್ಲ, ಇಲ್ಲದ ಮಾತು ನಾನು ಬರೆಯುವುದಿಲ್ಲ. ರೋಗ ರಕ್ತದಲ್ಲೇ ಇತ್ತು. ಆದರೆ ದಿನವಿಡೀ ಅಂಗಾತ, ಹೊಟ್ಟೆ ಬಿಗಿದು ಮಲಗಿಸಿದ್ದು ಉರಿಯುವ ಒಲೆಗೆ ಎಣ್ಣೆ ಹಾಕಿದಂತಾಯಿತು. ನೋವು ಎಂದ ದಿನವೇ ಕರೆತಂದಿದ್ದರೆ ಬಲಗಣ್ಣೂ ಉಳಿಯುತ್ತಿತ್ತು ಎಂದರು. ಈಗ ಅದರ ನರ ಒಣಗಿದೆ. ಎಡಗಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಬಿಡಬೇಕು, ಬಿಟ್ಟಾಗಲೆಲ್ಲ ಹುಬ್ಬು ನೋಯುತ್ತದೆ, ಮನೆಯೆಲ್ಲ ಮಸುಕಾಗುತ್ತದೆ. ಬಗ್ಗಿ ಒಲೆ ಊದಬಾರದು. ಇವರು ಇಟ್ಟಿಗೆ ತಂದು ಸೊಂಟದೆತ್ತರಕ್ಕೆ ಒಲೆ ಕಟ್ಟಿದ್ದಾರೆ. ನಿಂತು ಅಡಿಗೆ ಮಾಡುವ ದೊರೆಸಾನಿ ಎಂದು ಲೈನಿನ ಹೆಂಗಸರು ಆಡಿಕೊಳ್ಳುತ್ತಾರೆ. ಲಿಂಗಪೂಜೆಯನ್ನು ನೆಟ್ಟಗೆ ಕೂತು ಮಾಡುತ್ತೇವಲ್ಲ, ಅಷ್ಟು ಪುಣ್ಯ. ಮಲಗುವಾಗ ಹೊರಸಿನ ತಲೆಯ ಕಡೆಯ ಕಾಲಿಗೆ ಕಲ್ಲು ಕೊಟ್ಟು ಒಂದು ಗೇಣು ಎತ್ತರ ಮಾಡಿಕೊಳ್ಳಬೇಕು. ಡಾಕ್ಟರು ತಮ್ಮ ಕೈ ಬಿಚ್ಚಿ ಅಳತೆ ತೋರಿಸಿದರು.

ಇನ್ನೊಂದು ಮಾತಿದೆ. ಇದು ತಾಯಿಯಿಂದ ಮಕ್ಕಳಿಗೆ ಬರುವ ರೋಗವಂತೆ. ಅವರೂ ಮನೆತನದ ಬಗ್ಗೆ ಕೇಳಿದರು. ಅವ್ವನಿಗೆ ಕೊನೆಗೆ ಕಣ್ಣು ಕಾಣುತ್ತಿರಲಿಲ್ಲ, ಒಲೆಯ ಹೊಗೆಯಿಂದ ಹೋದವು ಎಂದೆ. ನೀನು ನನಗೆ ಹಾಗೆಯೇ ಹೇಳಿ ಬೆಳೆಸಿದ್ದು. ಅವರು ತಲೆ ಅಲ್ಲಾಡಿಸಿ, ಹೊಗೆಗೆ ಕಣ್ಣು ಉರಿಯುತ್ತವೆ, ಹೀಗೆ ಹೋಗುವುದಿಲ್ಲ, ಹಿರಿಯರನ್ನು ಸರಿಯಾಗಿ ಕೇಳಿ ಬರೆದು ತಿಳಿಸಿ ಎಂದರು. ನನಗೆ ಅವ್ವನದು ನೆನಪಿರುವುದು ಇಷ್ಟೇ: ಹಳಿಯಾಳದ ಮನೆಯಲ್ಲಿ ಕಂಬಕ್ಕೆ ಒರಗಿ, ಕಾಲು ಚಾಚಿ, ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಲ್ಲೇ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಉಬ್ಬಸ ಇತ್ತು, ಅದಕ್ಕೆ ಹಾಗೆ ಎಂದು ನೀನೇ ಹೇಳಿದ್ದೀ. ಅದು ಉಬ್ಬಸವೇ ಹೌದೆ? ನೀನು ಆಗ ದೊಡ್ಡವಳು, ನಿನಗೆ ಗೊತ್ತಿರಬೇಕು. ಎರಡು ಸಾಲು ಬರೆ.

ನಾನು ಸುಳ್ಳುಗಾತಿ ಎಂದೆಯಲ್ಲ, ಅದನ್ನು ಬೇಕಾದರೆ ನುಂಗಿಕೊಳ್ಳುತ್ತೇನೆ. ನಿನಗೆ ತಿಳಿಯದೆ ಆಯಿತು, ಹಿಂದಿನಿಂದ ಬಂದದ್ದನ್ನು ಮಾಡಿದೆ. ಆದರೆ ಈಗ ತಿಳಿದಿದೆ. ಹೆರಿಗೆಗೆ ಮೊದಲು ಹೊಳೆವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದು ಕಣ್ಣು ತೋರಿಸು, ಜೊತೆಗೆ ನಿನ್ನದನ್ನೂ ತೋರಿಸಿಕೋ. ಬಾಣಂತನದಲ್ಲಿ ಅವಳ ತಲೆ ಎತ್ತರದಲ್ಲಿರಲಿ. ಹೊಟ್ಟೆ ಬಿಗಿಯಬೇಡ. ಮಲಗಿದರೆ ಕಣ್ಣು ನೋಯುತ್ತದೆ ಎಂದು ಅವಳು ಅಂದರೆ, ನಿನ್ನ ಕಾಲು ಹಿಡಿಯುತ್ತೇನೆ, ಅವಳನ್ನು ನಂಬು. ಒಲ್ಲೆ ಎಂದು ನೀನು ಮೊಂಡುತನ ಮಾಡಿದರೆ ನಾನು ಕುಬಸಕ್ಕೆ ಖಂಡಿತ ಬರುತ್ತೇನೆ. ಐದು ಮಂದಿ ಮುತ್ತೈದೆಯರ ನಡುವೆ, ಅವಳ ಅತ್ತೆ ಗೋದುಬಾಯಿಯ ಎದುರಿಗೇ ನನ್ನ ಬಲಗಣ್ಣು ತೋರಿಸಿ ಎಲ್ಲ ಹೇಳುತ್ತೇನೆ. ಮರ್ಯಾದೆ ಹೋದರೆ ಹೋಗಲಿ, ಹುಡುಗಿಯ ಕಣ್ಣಿರಲಿ.

ಮಾವನವರಿಗೆ ನಮಸ್ಕಾರ. ಹೊಳೆವ್ವನಿಗೆ ಚಿಗವ್ವನ ಆಶೀರ್ವಾದ. ಸುಖವಾಗಿ ಹೆರಲಿ, ಹುಟ್ಟಿದ ಕೂಸಿನ ಮುಖವನ್ನು ಎರಡೂ ಕಣ್ಣು ತುಂಬ ನೋಡಲಿ. ನೀನು ಹಿರಿಯಳು, ನಿನ್ನನ್ನು ನಾನು ಹರಸುವಂತಿಲ್ಲ. ಶಿವ ನಿನ್ನನ್ನೂ ಕಾಯಲಿ ಎಂದಷ್ಟೇ ಬರೆಯುತ್ತೇನೆ.

ನಿನ್ನ ತಂಗಿ,
ಈರಕ್ಕ

ತಾ. ಕ. — ಮಂಗಳವಾರ. ನಿನ್ನೆ ಇವರು ಅಂಚೆಗೆ ಹಾಕಲು ಮರೆತರು, ಒಳ್ಳೆಯದೇ ಆಯಿತು. ಇವತ್ತು ಮಲಿಕಸಾಬ ತಂಗಿಯನ್ನು ನೋಡಲು ಹಳಿಯಾಳದಿಂದ ಬಂದಿದ್ದ. ನಮ್ಮ ಮನೆಗೂ ಬಂದು ಚಹಾ ಕುಡಿದ. ಕಲ್ಲು ಕೊಟ್ಟು ಎತ್ತರಿಸಿದ ನನ್ನ ಹೊರಸನ್ನು ನೋಡಿ, ಕಲ್ಲು ಯಾಕೆ, ನಿಮ್ಮ ಅಕ್ಕನವರಿಗೆ ಮಾಡಿಕೊಟ್ಟಂಥದ್ದೇ ಒಂದು ಮಾಡಿಕೊಡುತ್ತೇನಲ್ಲ ಎಂದ. ನನಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದ.

"ಹೊಳೆವ್ವನ ಬಾಣಂತನಕ್ಕಂತ ಶಿವರಾತ್ರಿಗೇ ಹೇಳಿದ್ರರೀ. ತಲಿ ಕಡೆ ಎತ್ತರ ಇರಬೇಕು ಅಂದ್ರು. ನಮ್ಮವ್ವಗ ಮಲಗಿದರ ಕಣ್ಣು ಸಿಡಿತಿತ್ತು, ಕಂಬಕ್ಕ ಒರಗೇ ಇರತಿದ್ಲು, ಮಗಳಿಗೆ ಹಂಗ ಆಗಬಾರದು ಅಂದ್ರು. ಗೋದುಬಾಯಾರ ಮುಂದ ಬಾಯಿ ಬಿಡಬ್ಯಾಡ ಅಂತನೂ ಅಂದ್ರು."

ಶಿವರಾತ್ರಿಗೆ. ನಾನು ಹುಬ್ಬಳ್ಳಿಗೆ ಹೋದದ್ದು ಯುಗಾದಿ ಆದ ಮೇಲೆ.

ಅವ್ವನ ಬಗ್ಗೆ ಎರಡು ಸಾಲು ಬರೆ ಎಂದಿದ್ದೆ, ಬರೆಯಬೇಡ. ಆ ಮಧ್ಯಾಹ್ನ ತುಪ್ಪದ ಬಟ್ಟಲು ಇಟ್ಟು ಹಿತ್ತಲಿಗೆ ಹೋದದ್ದು ಸಿಟ್ಟಿನಿಂದ ಅಲ್ಲ. ಅವ್ವ ಆಡಿದ ಮಾತನ್ನೇ ನಾನೂ ಆಡಿದ್ದೆ. ಹಳಿಯಾಳದ ಹೆಂಗಸರು ಬಂದು ನಾನು ಒರಗಿ ಮಲಗಿದ್ದನ್ನು ನೋಡಿದ್ದರೆ ಅವರಿಗೆ ಅವ್ವನ ನೆನಪಾಗುತ್ತಿತ್ತು, ಕಣ್ಣು ಹೋಗುವ ಮನೆತನದ ಹೆಣ್ಣು ಬೇಡ ಎನ್ನುತ್ತಿದ್ದರು. ಹೊಳೆವ್ವನ ಮದುವೆಗಾಗಿ ನನ್ನನ್ನು ಅಂಗಾತ ಮಲಗಿಸಿದೆ. ಒಂದೂವರೆ ವರ್ಷ ನೀನು ನನ್ನನ್ನು ನಂಬಲಿಲ್ಲ ಎಂದು ಅತ್ತೆ, ಅಕ್ಕ. ನೀನು ನಂಬಿದ್ದೆ. ನಂಬಿಯೇ ತಲೆದಿಂಬು ಕಸಿದುಕೊಂಡೆ.

ನಾನು ಕುಬಸಕ್ಕೆ ಬರುವುದಿಲ್ಲ. ಗೋದುಬಾಯಿಗೆ ಏನೂ ಹೇಳುವುದಿಲ್ಲ. ಹೊಳೆವ್ವನ ಚಿಂತೆಯೂ ನನಗೆ ಇನ್ನಿಲ್ಲ, ಅವಳಿಗೆ ತಾಯಿ ಇದ್ದಾಳೆ.

ಎಷ್ಟು ಎತ್ತರ ಹೇಳಿದ್ದಾರೆ ಎಂದು ಮಲಿಕಸಾಬನನ್ನು ಕೇಳಿದೆ. ಅವನು ಕೈ ಬಿಚ್ಚಿ ಒಂದು ಗೇಣು ತೋರಿಸಿದ. ನಿನಗೆ ಅಳತೆಯೂ ಗೊತ್ತಿತ್ತು.